ಯಾರೂ ತುಳಿಯದ ಹಾದಿ ಅಂದ್ರೆ ಯಾವ್ದು ಸ್ವಾಮೀ?

ಈಚೆಗೆ ಬೆಂಗಳೂರಿನ ಸೈಕಲ್ ಮಂದಿಗೆ ಹೊಸದೊಂದು ಹುಚ್ಚು ಹಿಡಿದಿದೆ. ಗ್ರೇವೆಲ್ ಬೈಕು! ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೇನೆ. ನೋಡೋಕೆ ರೇಸ್ ಸೈಕಲ್ಲಿನ ಹಾಗೆ ಬಗ್ಗಿದ ಹ್ಯಾಂಡಲ್ಲು, ಆದ್ರೆ ದಪ್ಪ ಟೈರು, ಡಿಸ್ಕ್ ಬ್ರೇಕು. ಡಾಂಬರಿನಲ್ಲೂ ಓಡುತ್ತೆ, ಜಲ್ಲಿಯಲ್ಲೂ ಓಡುತ್ತೆ, ಮಣ್ಣಿನಲ್ಲೂ ಓಡುತ್ತೆ. ಸುಮಾರಾಗಿ ಒಳ್ಳೇದು ಬೇಕಂದ್ರೆ ಬೆಲೆ ಲಕ್ಷ ದಾಟುತ್ತೆ. ನನ್ನ ಹತ್ರಾನೂ ಒಂದಿದೆ, ಇಎಂಐ ಇನ್ನೂ ಮುಗಿದಿಲ್ಲ :-) ಹಾಗಾಗಿ ಇಲ್ಲಿ ಬೈತಿರೋದು ಹೊರಗಿನವನು ಅಂದ್ಕೋಬೇಡಿ.

ಬೈಕು ಬಂದ ಮೇಲೆ ಬರವಣಿಗೆ ಬರಲೇಬೇಕಲ್ಲ. ನಮ್ಮ ಕನ್ನಡ ಬ್ಲಾಗುಗಳಲ್ಲೂ ಬರ್ತಾ ಇದೆ. ನಾಲ್ಕೈದು ಓದಿದೆ. ಎಲ್ಲದರಲ್ಲೂ ಒಂದು ಹೊಳೆ ದಂಡೆ, ಒಂದು ಕಡಲ ತೀರ, ಒಂದು ದಟ್ಟ ಕಾಡು, ನಡುವೆ ಕೆಮ್ಮಣ್ಣಿನ ದಾರಿಯ ಫೋಟೋ. ಕೆಳಗೆ ತಪ್ಪದೇ ಒಂದು ಸಾಲು: "ಯಾರೂ ತುಳಿಯದ ಹಾದಿ". ಅದರ ಕೆಳಗೆ ಆ ಹಾದಿಯ ಜಿಪಿಎಸ್ ಫೈಲು, ಡೌನ್‌ಲೋಡ್ ಮಾಡ್ಕೊಳ್ಳಿ ಅಂತ. ಅಲ್ಲಾ ಸ್ವಾಮೀ, ಯಾರೂ ತುಳಿಯದಿದ್ರೆ ಅದು ಹಾದಿ ಆಗಿದ್ದಾದ್ರೂ ಹೇಗೆ?

ನಾನು ಉತ್ತರ ಕನ್ನಡದವನು, ಕುಮಟಾ ಸೀಮೆಯವನು. ಈ ಮಂದಿಗೆ ನಮ್ಮ ಜಿಲ್ಲೆ ಸ್ವರ್ಗ. ಬೆಳಿಗ್ಗೆ ಘಟ್ಟದ ಮೇಲಿನ ಕಾಡಲ್ಲಿ ಹೊರಟರೆ ಸಂಜೆಗೆ ಅಘನಾಶಿನಿ ದಂಡೆ, ತದಡಿಯಲ್ಲಿ ಹೊಳೆ ದಾಟಿದ್ರೆ ಮರುದಿನ ಗೋಕರ್ಣದ ಕಡಲು. ನಿಜಕ್ಕೂ ಚಂದದ ದಾರಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಒಂದೊಂದು ತುಂಡು ದಾರಿಗೂ ಒಬ್ಬೊಬ್ಬ ಯಜಮಾನ ಇದ್ದಾನೆ. ಕಾಡಿನೊಳಗೆ ಸಿಗೋ ಅಗಲದ ದಾರಿ ಒಂದು ಕಾಲದಲ್ಲಿ ಮರ ಸಾಗಿಸೋ ಲಾರಿಗಾಗಿ ಮಾಡಿದ ಕೂಪಿನ ರಸ್ತೆ. ಅದರಿಂದ ಕವಲೊಡೆಯೋ ಸಣ್ಣ ದಾರಿ, ಇಂಗ್ಲಿಷಿನಲ್ಲಿ 'ಸಿಂಗಲ್ ಟ್ರ್ಯಾಕ್' ಅಂತ ಬಾಯಿ ಚಪ್ಪರಿಸ್ತಾರಲ್ಲ, ಅದು ಅಡಿಕೆ ತೋಟದವರು ಸೊಪ್ಪಿನ ಬೆಟ್ಟಕ್ಕೆ ಹೋಗಿ ಬರೋ ದಾರಿ. ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಇಳಿದು ಇಳಿದು ಸವೆದದ್ದು. ಕಡಲ ಬದಿಯ ದಾರಿ ಮೀನುಗಾರರ ಕೇರಿಯದ್ದು.

ಇನ್ನು ಹೊಳೆ ದಂಡೆ. ಅದು ದಂಡೆಯೇ ಅಲ್ಲ, ಗಜನಿ ಕಟ್ಟೆ. ಉಬ್ಬರದ ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ಮಣ್ಣು-ಕಲ್ಲು ಸೇರಿಸಿ ಕಟ್ಟಿದ್ದು. ಅದರ ಒಳಗಡೆ ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೀತಾರೆ (ಉಪ್ಪು ತಡೆಯೋ ತಳಿ, ನೀರಲ್ಲಿ ಮುಳುಗಿದ್ರೂ ಬದುಕತ್ತೆ), ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಕಟ್ಟೆ ಒಂದು ಕಡೆ ಬಾಯಿ ಬಿಟ್ಟರೆ ಸಾಕು, ಎಷ್ಟೋ ಮನೆಯ ಗದ್ದೆಗೆ ಉಪ್ಪುನೀರು. ಈಚೆಗೊಂದು ವಿಡಿಯೋ ನೋಡಿದೆ. ಐದಾರು ಜನ ಸಾಲಾಗಿ ಒದ್ದೆ ಕಟ್ಟೆಯ ಮೇಲೆ ಸೈಕಲ್ ಹೊಡೀತಿದಾರೆ. ಎದುರಿಗೆ ಬೆಳಚು ಹೆಕ್ಕಿ ಬುಟ್ಟಿ ಹೊತ್ತ ಹೆಂಗಸೊಬ್ಬರು ಕೆಸರಿಗಿಳಿದು ಇವರಿಗೆ ದಾರಿ ಬಿಡ್ತಾರೆ, ಏನೋ ಹೇಳ್ತಾರೆ. ಹಿನ್ನೆಲೆಯಲ್ಲಿ ಗಿಟಾರು, ಹಾಗಾಗಿ ಅವರು ಹೇಳಿದ್ದು ಕೇಳಿಸಲ್ಲ. ನಮ್ಮ ಕಡೆಯವನಿಗೆ ತುಟಿ ನೋಡಿದ್ರೇ ಗೊತ್ತಾಗತ್ತೆ: "ಇಳ್ದು ನಡೀರಾ ತಮಾ, ಕಟ್ಟೆ ಒಡೀತದೆ." ವಿಡಿಯೋದ ಮೇಲೆ ಬರೆದದ್ದು ಮಾತ್ರ "ಸರಳ ಜನ, ಸುಂದರ ಬದುಕು"!

ಇಷ್ಟಕ್ಕೇ ಆಗಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಸಿಟ್ಟು ಬಂದಿದ್ದು ಒಂದು ಮನವಿ ಪತ್ರ ನೋಡಿ. ನಾನಿರೋ ಸೈಕಲ್ ಗುಂಪಿನಲ್ಲೇ ಬಂತು. ಘಟ್ಟದ ಕೆಳಗಿನ ಒಂದು ಊರಿನ ಮಣ್ಣು ರಸ್ತೆಗೆ ಕಾಂಕ್ರೀಟು ಹಾಕ್ತಿದಾರಂತೆ, ನಮ್ಮ 'ರೂಟು' ಹಾಳಾಗತ್ತಂತೆ, ನಿಲ್ಲಿಸಬೇಕಂತೆ, ಎಲ್ಲರೂ ಸಹಿ ಹಾಕಿ. "ಮಣ್ಣಿನ ದಾರಿ ಉಳಿಸಿ" ಅಂತ ತಲೆಬರಹ ಬೇರೆ. ಸಹಿ ಹಾಕಿದ ಒಬ್ಬರ ಮನೆ ಮುಂದಾದ್ರೂ ಮಣ್ಣು ರಸ್ತೆ ಇದೆಯಾ ಅಂತ ಕೇಳಿದೆ. ಉತ್ತರ ಬರಲಿಲ್ಲ. ನಾನು ಸಹಿ ಹಾಕಲಿಲ್ಲ.

ನನ್ನ ಮೊದಲ ಗ್ರೇವೆಲ್ ಬೈಕು ಕೊಟ್ಟದ್ದು ಕರ್ನಾಟಕ ಸರ್ಕಾರ! ಎಂಟನೇ ಕ್ಲಾಸಿನಲ್ಲಿ ಕೊಡ್ತಿದ್ರಲ್ಲ, 2006-07ರಲ್ಲಿ ಶುರುವಾದ ಯೋಜನೆ, ಅದೇ ಸೈಕಲ್ಲು. ಗೇರಿಲ್ಲ, ಬ್ರೇಕು ಹಿಡಿದ್ರೆ ಹಿಡೀತು, ಬಿಟ್ರೆ ಬಿಡ್ತು. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಮೂರು ಕಿಲೋಮೀಟರ್ ಮಣ್ಣು ದಾರಿ. ನವೆಂಬರಿನಿಂದ ಮೇ ತನಕ ಆ ದಾರಿ ಎಷ್ಟು ಚಂದ ಅಂತ ನನ್ನ ಕೇಳಿ. ಜೂನ್ ಬಂತೋ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕೆಸರು ಕಚ್ಚಿಕೊಂಡು ಸೈಕಲ್ ತಳ್ಳೋಕೂ ಬರಲ್ಲ. ಸೆಪ್ಟೆಂಬರ್ ಮುಗಿಯೋ ತನಕ ಅದನ್ನ ಡಾಂಬರು ಬದಿಯ ನೆಂಟರ ಮನೆಯಲ್ಲಿಟ್ಟು, ಅಲ್ಲೀತನಕ ಛತ್ರಿ ಹಿಡಿದು ನಡಿಗೆ. ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಕಂಬಳಿಯಲ್ಲಿ ಕಟ್ಟಿ ಹೊತ್ಕೊಂಡು ಹೋಗೋದು. ರಿಕ್ಷಾದವರು ಬರ್ತಿರಲಿಲ್ಲ, ಬಾ ಅಂತ ಕರೆಯೋಕೆ ನಮಗೂ ಮುಖ ಇರಲಿಲ್ಲ. ನಾನು ಇಂಜಿನಿಯರಿಂಗ್ ಓದ್ತಿರೋವಾಗ ಆ ದಾರಿಗೆ ಕಾಂಕ್ರೀಟು ಬಿತ್ತು. ಫೋನಿನಲ್ಲಿ ಆಯಿ ಮೊದಲು ಹೇಳಿದ್ದು ಏನು ಗೊತ್ತಾ? "ಗ್ಯಾಸ್ ಸಿಲಿಂಡರು ಮನೆ ಬಾಗ್ಲಿಗೇ ಬಂತು."

ಅಮೆರಿಕದಲ್ಲಿ ಗ್ರೇವೆಲ್ ರಸ್ತೆಗಳನ್ನ ಹೇಗೆ ಉಳಿಸ್ಕೊಂಡಿದಾರೆ ನೋಡಿ ಅಂತ ಒಬ್ಬರು ಪಾಠ ಹೇಳಿದ್ರು. ನೋಡೋಣ ಬನ್ನಿ. ಈ ಆಟದ ದೊಡ್ಡ ಜಾತ್ರೆ ನಡೆಯೋದು ಕಾನ್ಸಾಸ್‌ನ ಎಂಪೋರಿಯಾದಲ್ಲಿ. 2006ರಲ್ಲಿ ಶುರುವಾಗಿದ್ದು, ಈಗ ಅನ್‌ಬೌಂಡ್ ಗ್ರೇವೆಲ್ ಅಂತ ಹೆಸರು, 200 ಮೈಲಿ. ಅಲ್ಲಿ ಜಲ್ಲಿ ರಸ್ತೆ ಯಾಕಿದೆ? 1785ರ ಕಾನೂನಿನ ಲೆಕ್ಕದಲ್ಲಿ ನೆಲ ಅಳೆದು ಮೈಲಿಗೊಂದು ಗೆರೆ ಎಳೆದ್ರು, ಆ ಗೆರೆಗಳ ಮೇಲೆ ಹೊಲಗದ್ದೆಯವರಿಗಾಗಿ ರಸ್ತೆ ಬಂತು. ಇವತ್ತಿಗೂ ಅಲ್ಲಿನ ಸ್ಥಳೀಯ ಆಡಳಿತ ಯಂತ್ರ ತಂದು ಆ ಜಲ್ಲಿಯನ್ನ ಸಮ ಮಾಡ್ತಿರತ್ತೆ. ಸೈಕಲ್ಲಿನವರು ಆಮೇಲೆ ಬಂದವರು. ಮತ್ತೆ ಅಲ್ಲಿ ಇಡೀ ವರ್ಷ ಬೀಳೋ ಮಳೆ ನಮ್ಮ ಕರಾವಳಿಯ ಮಳೆಯ ಕಾಲುಭಾಗದ ಆಸುಪಾಸು. ನಮ್ಮಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮೇಲೆ, ಅದೂ ಹೆಚ್ಚಿನದೆಲ್ಲ ನಾಲ್ಕೇ ತಿಂಗಳಲ್ಲಿ. ಏರು ದಾರಿಗೆ ಸುರಿದ ಜಲ್ಲಿ ಆಷಾಢ ಮುಗಿಯೋದ್ರೊಳಗೆ ಹಳ್ಳದಲ್ಲಿರತ್ತೆ.

ದಾರಿ ಇಲ್ಲದಿರೋದು ಅಂದ್ರೆ ಏನು ಅಂತ ಫೋಟೋದಲ್ಲಿ ಕಾಣಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರ್ತಾ ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಅದೇ ತರಹದ ಕಾಲುಸಂಕದ ಮೇಲೆ ಹೆಗಲಿಗೆ ಸೈಕಲ್ ಏರಿಸಿಕೊಂಡು ನಿಂತ ಫೋಟೋಗಳನ್ನ ಅದೇ ವರ್ಷದ ಡಿಸೆಂಬರಿನಲ್ಲಿ ನಾನು ನೋಡಿದೇನೆ. ಅಡಿಯಲ್ಲಿ ಹಳ್ಳ ಬತ್ತಿತ್ತು.

ಸಿಗಂದೂರಿನ ಲಾಂಚಿನ ಕತೆಯೂ ಇದೇ. 2025ರ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಅವತ್ತು ನನ್ನ ಫೋನಿನ ತುಂಬ ಶೋಕಾಚರಣೆ: ಲಾಂಚಿನಲ್ಲಿ ಸೈಕಲ್ ಒರಗಿಸಿಟ್ಟು ಹಿನ್ನೀರು ನೋಡೋ ಸುಖ ಹೋಯ್ತಲ್ಲಾ ಅಂತ. ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ನಾಡಿಗೆಲ್ಲ ಕರೆಂಟು ಕೊಡೋಕೆ ನೆಲ ಮುಳುಗಿಸ್ಕೊಂಡು ದ್ವೀಪದ ಹಾಗೆ ಉಳಿದವರು ತುಮರಿ ಕಡೆಯವರು. ಕತ್ತಲಾದ ಮೇಲೆ ಲಾಂಚಿಲ್ಲ, ಬೇಸಿಗೆಯಲ್ಲಿ ನೀರಿಳಿದ್ರೆ ವಾಹನ ಹತ್ತಿಸಲ್ಲ. ರಾತ್ರಿ ಹೆರಿಗೆ ನೋವು ಬಂದ್ರೆ, ಹಾವು ಕಚ್ಚಿದ್ರೆ ಬೆಳಗಾಗೋ ತನಕ ಕಾಯಬೇಕು, ಇಲ್ಲಾ ಕಾಡಿನ ದಾರಿ ಸುತ್ತಬೇಕು. ಹೀಗೆ ಅರವತ್ತು ವರ್ಷ. ನಿಮಗೆ ಹೋಗಿದ್ದು ಒಂದು ಭಾನುವಾರದ ಸುಖ ಕಣ್ರೀ.

ಕಾಂಕ್ರೀಟಿನಲ್ಲಿ ದುಡ್ಡು ಹೊಡೀತಾರೆ ಅಂತೀರಾ? ಹೊಡೀತಾರೆ, ಮೂರೇ ಮಳೆಗಾಲಕ್ಕೆ ಕಿತ್ತುಬರೋ ರಸ್ತೆಗಳೂ ಇವೆ. ಅದಕ್ಕೆ ಊರವರ ಜೊತೆ ಸೇರಿ ಒಳ್ಳೆ ರಸ್ತೆ ಕೇಳಿ, ರಸ್ತೆಯೇ ಬೇಡ ಅನ್ನೋದು ಯಾವ ಊರ ನ್ಯಾಯ? ರಸ್ತೆ ಬಂದ್ರೆ ರೆಸಾರ್ಟು ಬರತ್ತೆ ಅನ್ನೋದು ಇನ್ನೊಂದು ವಾದ. ಬರತ್ತೆ, ಅದು ನಿಜವಾದ ಹೆದರಿಕೆ. ಆದ್ರೆ ರೆಸಾರ್ಟಿನವರಿಗೆ ಜಾಗ ತೋರಿಸಿಕೊಟ್ಟದ್ದು ಕಾಂಕ್ರೀಟು ರಸ್ತೆಯೋ, "ಯಾರಿಗೂ ಗೊತ್ತಿಲ್ಲದ ಸ್ವರ್ಗ" ಅಂತ ನಕ್ಷೆ ಸಮೇತ ನಾವು ಹಾಕಿದ ಪೋಸ್ಟೋ?

ಮತ್ತೆ ಈ ಪರಿಸರ ಕಾಳಜಿ ಎಲ್ಲೆಲ್ಲಿ ಬಾಯಿ ಬಿಡತ್ತೆ, ಎಲ್ಲಿ ಬಾಯಿ ಮುಚ್ಚತ್ತೆ ನೋಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಬದಿಗೆ ಕಡಿದ ಗುಡ್ಡ ಕುಸೀತು. ರಸ್ತೆ ಬದಿಗೆ ಹೋಟೆಲು ನಡೆಸ್ತಿದ್ದ ಸಂಸಾರ ಮಣ್ಣಿನಡಿಗೆ ಹೋಯ್ತು. ಲಾರಿಗಳು ಗಂಗಾವಳಿ ಪಾಲಾದವು. ಒಬ್ಬ ಚಾಲಕನ ಲಾರಿ ಹೊಳೆಯಿಂದ ಮೇಲೆ ಬಂದಿದ್ದು ಎರಡು ತಿಂಗಳು ಕಳೆದ ಮೇಲೆ. ಮರುತಿಂಗಳು 7ನೇ ತಾರೀಖು, ಮಧ್ಯರಾತ್ರಿ ಕಳೆದ ಮೇಲೆ, ಅದೇ ಹೆದ್ದಾರಿಯಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ಲಾರಿ ಸಮೇತ ಮುರಿದು ಬಿತ್ತು. ಗುಡ್ಡವನ್ನ ಹೇಗೆ ಕಡೀತಿದಾರೆ, ನೀರು ಎಲ್ಲಿಗೆ ಹೋಗಬೇಕು ಅಂತ ನಮ್ಮ ಗುಂಪಿನಲ್ಲಿ ಒಂದೇ ಒಂದು ಮನವಿ ಬರಲಿಲ್ಲ. ಯಾಕಂದ್ರೆ ಹೆದ್ದಾರಿ ನಮ್ಮ ರೂಟಿನಲ್ಲಿಲ್ಲ! ಹತ್ತಡಿ ಅಗಲದ ಊರ ರಸ್ತೆ ಕಂಡ್ರೆ ಮಾತ್ರ ಪರಿಸರ ನೆನಪಾಗತ್ತೆ.

ಹೆದ್ದಾರಿ ನಮ್ಮ ರೂಟಿನಲ್ಲಿ ಇಲ್ಲದಿರಬಹುದು, ಬಹಳ ಜನರ ರೂಟಿನಲ್ಲಿದೆ. ಬೆಳಗಿನ ಜಾವ ಹೊನ್ನಾವರ, ಕುಮಟಾ, ಅಂಕೋಲಾ ಕಡೆ ಹೋಗಿ ನೋಡಿ. ಹಿಂದೆ ಮೀನು ಬುಟ್ಟಿ ಕಟ್ಟಿಕೊಂಡು ಹಳೇ ಸೈಕಲ್ ತುಳಿಯುವವರು ಈಗಲೂ ಸಿಗ್ತಾರೆ. ನಾಲ್ಕು ಪಥ ಆದ ಮೇಲೆ ಅವರ ಪಾಡು ಕೇಳೋರಿಲ್ಲ. ಎದುರಿಗೇ ಕಾಣೋ ಕೇರಿಗೆ ಹೋಗೋಕೆ ಡಿವೈಡರಿನ ಕಿಂಡಿ ಹುಡುಕಿ ಸುತ್ತಬೇಕು, ಇಲ್ಲಾ ಉಲ್ಟಾ ಬರಬೇಕು. ಸರ್ವಿಸ್ ರಸ್ತೆ ಒಂದು ಕಡೆ ಇದ್ರೆ ಇನ್ನೊಂದು ಕಡೆ ಇಲ್ಲ, ಇದ್ದದ್ದೂ ನಡುವೆ ಮಾಯ. ಅವರ ಟೈರು ಎಷ್ಟು ಮಿಲಿಮೀಟರು ಅಂತ ಯಾರೂ ಬರೆದಿಲ್ಲ.

ಆ ಹೆದ್ದಾರಿ ಬದಿಗೆ ಸೈಕಲ್ಲಿಗೊಂದು ಒಂದೂವರೆ ಮೀಟರ್ ಜಾಗ, ಕೇರಿ ಇದ್ದಲ್ಲಿ ಸರಿಯಾದ ದಾಟುದಾರಿ ಕೊಡಿ ಅಂತ ಯಾರಾದ್ರೂ ಮನವಿ ಬರೀತೀರಾದ್ರೆ ಹೇಳಿ. ಕನ್ನಡದಲ್ಲಿ ನಾನೇ ಟೈಪು ಮಾಡಿಕೊಡ್ತೇನೆ. ಸಹಿಗೆ ಮೊದಲು ಆ ಮೀನು ಬುಟ್ಟಿಯವರ ಹತ್ರ ಹೋಗೋಣ. ಅವರು ಬೆಳಿಗ್ಗೆ ಐದಕ್ಕೇ ಹೊರಡ್ತಾರೆ, ಅಲಾರಂ ಇಟ್ಕೊಳ್ಳಿ.