ಮಲೆನಾಡಿನ ಆಸ್ಪತ್ರೆ: ಕಟ್ಟುವವರು ಮತ್ತು ನಡೆಸುವವರು

ಧರ್ಮಕಾರ್ಯವೆಂದರೆ ಕಟ್ಟಡ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ದೇವಾಲಯವಾಗಲಿ, ಕಲ್ಯಾಣಮಂಟಪವಾಗಲಿ, ಶಾಲೆಯ ಕೊಠಡಿಯಾಗಲಿ, ಗೋಡೆಯೆದ್ದು ನಿಲ್ಲುವ ಕೆಲಸಕ್ಕೆ ದಾನಿಗಳು ದೊರೆಯುತ್ತಾರೆ. ಹೆಸರು ಕೆತ್ತಿದ ಕಲ್ಲು ಗೋಡೆಯಲ್ಲಿ ಕೂರುತ್ತದೆ. ಇದನ್ನು ಹಗುರವಾಗಿ ಆಡುವುದು ಸಲ್ಲದು. ಮಠಗಳ ವಿದ್ಯಾಸಂಸ್ಥೆಗಳೆಲ್ಲ ಬೆಳೆದುದು ಅಂತಹ ಔದಾರ್ಯದಿಂದಲೇ. ಆದರೆ ಆಸ್ಪತ್ರೆಯ ವಿಷಯದಲ್ಲಿ ಈ ಭಾವನೆ ನಮ್ಮನ್ನು ದಾರಿ ತಪ್ಪಿಸಿದೆ ಎಂಬುದು ನನ್ನ ಅಭಿಪ್ರಾಯ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂತಹ ಊರುಗಳಲ್ಲಿ ಖಾಸಗಿ ಆಸ್ಪತ್ರೆ ಏಕೆ ಬೇರೂರುವುದಿಲ್ಲ, ಬೇರೂರಿದರೂ ಏಕೆ ಸೊರಗುತ್ತದೆ ಎಂದು ಕೇಳುವವರು ಬಹಳ ಮಂದಿ. ಉತ್ತರವಿರುವುದು ಕಟ್ಟುವುದರಲ್ಲಲ್ಲ, ನಡೆಸುವುದರಲ್ಲಿ.

ಮೊದಲು ನೆಲದ ಸ್ವರೂಪವನ್ನು ನೋಡಬೇಕು. 2011ರ ಜನಗಣತಿಯಂತೆ ಈ ಮೂರು ತಾಲ್ಲೂಕುಗಳ ಜನಸಂಖ್ಯೆ ಒಟ್ಟು ಸೇರಿದರೂ ಎರಡು ಲಕ್ಷವನ್ನು ಮುಟ್ಟುವುದಿಲ್ಲ. ಶೃಂಗೇರಿ ತಾಲ್ಲೂಕಿನದು ನಲವತ್ತು ಸಾವಿರಕ್ಕೂ ಕಡಮೆ. ಈ ಜನವಾದರೂ ಒಂದೆಡೆ ಇಲ್ಲ. ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು ಮನೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಬರುತ್ತಿದ್ದ ಪುಟ್ಟ ಟ್ರಾಮ್ ರೈಲು ಅಜ್ಜಂದಿರ ಕಾಲಕ್ಕೇ ನಿಂತುಹೋಯಿತು; ಅಂದಿನಿಂದ ಇಂದಿನವರೆಗೆ ರಸ್ತೆಯೊಂದೇ ಗತಿ. ಜೀವಕ್ಕೆ ಸಂಚಕಾರ ಬಂದರೆ ಶಿವಮೊಗ್ಗಕ್ಕೆ ಓಡಬೇಕು, ಇಲ್ಲವೇ ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯನ್ನಿಳಿದು ಮಣಿಪಾಲಕ್ಕೆ, ಅದೂ ಅಲ್ಲವಾದರೆ ಕೆರೆಕಟ್ಟೆಯ ಕಾಡನ್ನು ಹಾದು ಕಾರ್ಕಳದತ್ತ. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108ರ ಅಂಬ್ಯುಲೆನ್ಸು ಬಹಳ ಜೀವಗಳನ್ನು ಉಳಿಸಿದೆ, ನಿಜ. ಆದರೆ ಆಷಾಢದ ಮಳೆಯಲ್ಲಿ ಮರ ಬಿದ್ದ ಘಾಟಿಯ ಮುಂದೆ ಅದೂ ನಿಲ್ಲಲೇಬೇಕು.

ಇಲ್ಲಿನ ರೋಗಿಯೂ ಪೇಟೆಯ ರೋಗಿಯಂತಲ್ಲ. ಅಡಕೆ ಮರದಿಂದ ಬಿದ್ದವನು, ತರಗು ಗುಡಿಸುವಾಗ ಹಾವು ಕಡಿಸಿಕೊಂಡವಳು, ನಡುರಾತ್ರಿ ನೋವು ಕಾಣಿಸಿಕೊಂಡ ಬಸುರಿ. ಇವರಾರೂ ಹೊತ್ತು ನೋಡಿ ಬರುವವರಲ್ಲ. ಇದರ ಜೊತೆಗೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗ ಉಣ್ಣೆಯಿಂದ ಹರಡುತ್ತದೆ. ಚಳಿಗಾಲದಲ್ಲಿ ತಲೆಯೆತ್ತಿ, ಬೇಸಿಗೆಯಲ್ಲಿ ಕೆರಳಿ, ಮಳೆ ಹಿಡಿದಾಗ ತಣ್ಣಗಾಗುತ್ತದೆ. ಹಳೆಯ ಲಸಿಕೆಯಿಂದ ಸಾಕಷ್ಟು ಫಲವಿಲ್ಲವೆಂದು ಅದನ್ನು ನಿಲ್ಲಿಸಲಾಯಿತು. 2024ರ ಆರಂಭದ ತಿಂಗಳುಗಳಲ್ಲಿ ಕೊಪ್ಪ, ಶೃಂಗೇರಿಗಳ ಕಡೆ ಅದು ಮತ್ತೆ ಕಾಣಿಸಿಕೊಂಡಾಗ ಜನ ಪಟ್ಟ ಭಯವನ್ನು ಓದುಗರು ಬಲ್ಲರು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದರ ಅರ್ಥ ಇಷ್ಟು: ಒಂದು ಋತುವಿನಲ್ಲಿ ಹಾಸಿಗೆ ಸಾಲದು, ಇನ್ನೊಂದು ಋತುವಿನಲ್ಲಿ ಹಾಸಿಗೆ ಖಾಲಿ. ಅಂಗಡಿಯವನಾದರೆ ಖಾಲಿ ದಿನಗಳಲ್ಲಿ ಬಾಗಿಲೆಳೆದುಕೊಳ್ಳುತ್ತಾನೆ. ಆಸ್ಪತ್ರೆಗೆ ಆ ಸ್ವಾತಂತ್ರ್ಯವಿಲ್ಲ.

ಇಲ್ಲಿ ಓದುಗರು ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕೆಂದು ನನ್ನ ಕೋರಿಕೆ. ಆಸ್ಪತ್ರೆಯಲ್ಲಿ ದಾದಿಯೊಬ್ಬಳು ಕೂರುವ ಒಂದೇ ಒಂದು ಕುರ್ಚಿಯನ್ನು ತೆಗೆದುಕೊಳ್ಳಿ. ಅದು ಹಗಲಿರುಳು ತುಂಬಿರಬೇಕಾದರೆ ವಾರಕ್ಕೆ 168 ಗಂಟೆಗಳಾದವು. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಆ ಒಂದು ಕುರ್ಚಿಗೆ ಮೂರೂವರೆ ಮಂದಿ ಬೇಕು. ರಜೆ, ಕಾಯಿಲೆ, ಹಬ್ಬ, ಹೆರಿಗೆಗಳನ್ನು ಸೇರಿಸಿದರೆ ನಾಲ್ವರಿಗೂ ಮೇಲೆ. ವೈದ್ಯನ ಕುರ್ಚಿಗೂ ಇದೇ ಲೆಕ್ಕ. ಸಿಸೇರಿಯನ್ ಹೆರಿಗೆಯೊಂದು ನಿರಾತಂಕವಾಗಿ ನಡೆಯಲು ಪ್ರಸೂತಿತಜ್ಞೆ, ಅರಿವಳಿಕೆತಜ್ಞ, ಮಕ್ಕಳ ವೈದ್ಯ ಈ ಮೂವರೂ ಇರಬೇಕು. ರಕ್ತದ ಸಂಗ್ರಹ ಕೈಗೆಟುಕುವಂತಿರಬೇಕು. ಆ ರಾತ್ರಿ ಒಬ್ಬಳೇ ಬಸುರಿ ಬಂದರೂ ಇಷ್ಟೂ ಸಿದ್ಧವಿರಬೇಕು, ಯಾರೂ ಬಾರದಿದ್ದರೂ ಸಿದ್ಧವಿರಬೇಕು. ರೋಗಿಯಿಂದ ಪಡೆಯುವ ಶುಲ್ಕ ಬಂದ ರೋಗಿಗೆ ಮಾತ್ರ ಲೆಕ್ಕ. ಕಾಯುತ್ತ ಕುಳಿತ ರಾತ್ರಿಗಳಿಗೆ ಶುಲ್ಕ ಕೊಡುವವರಾರು? ಇದೊಂದು ಪ್ರಶ್ನೆಯ ಸುತ್ತಲೇ ಸಣ್ಣ ಆಸ್ಪತ್ರೆಯ ಸೋಲು ಗೆಲುವುಗಳು ಸುತ್ತುತ್ತಿವೆ.

ಈ ಪ್ರಶ್ನೆಗೆ ಶುದ್ಧ ವ್ಯಾಪಾರ ಕೊಡುವ ಉತ್ತರ ಭೀಕರವಾದುದು. ಬಂದ ಕೆಲವರ ಮೇಲೆಯೇ ಬಾರದವರ ವೆಚ್ಚವನ್ನೂ ಹೇರುವುದು, ಬೇಡದ ಪರೀಕ್ಷೆ ಬರೆಯುವುದು, ಒಂದು ದಿನದಲ್ಲಿ ಮನೆಗೆ ಹೋಗಬಹುದಾದವನನ್ನು ಮೂರು ದಿನ ಮಲಗಿಸುವುದು. ಅದನ್ನು ಮಾಡಲೊಲ್ಲದ ವೈದ್ಯ ಸಾಲದ ಕಂತು ಕಟ್ಟಲಾರದೆ ಕೊನೆಗೆ ರಾತ್ರಿಯ ಬಾಗಿಲನ್ನು ಮುಚ್ಚಿ ಹಗಲಿನ ದವಾಖಾನೆಯಾಗಿ ಉಳಿಯುತ್ತಾನೆ. ಅವನನ್ನು ಹಳಿಯುವುದು ಸುಲಭ.

ಕಾನೂನುಗಳ ಭಾರದ ಮಾತೂ ಬಹಳವಾಗಿ ಕೇಳಿಬರುತ್ತದೆ. ಎಕ್ಸರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ಸ್ಕ್ಯಾನಿಂಗಿಗೆ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ನೋಂದಣಿ, ಜೈವಿಕ ತ್ಯಾಜ್ಯವನ್ನು 48 ಗಂಟೆಗಳಿಗಿಂತ ಹೆಚ್ಚು ಇರಿಸಿಕೊಳ್ಳಬಾರದೆಂಬ ನಿಯಮ. ಗಾಡಿ ದಿನವೂ ಬಾರದ ಊರಿನಲ್ಲಿ ಕೊನೆಯದನ್ನು ಪಾಲಿಸುವ ಕಷ್ಟ ಪಾಲಿಸುವವರಿಗೇ ಗೊತ್ತು. ಆದರೂ ಇವು ಅನ್ಯಾಯದ ನಿಯಮಗಳೆಂದು ನಾನು ಒಪ್ಪಲಾರೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ದರಪಟ್ಟಿಯನ್ನು ಎದ್ದು ಕಾಣುವಂತೆ ಹಾಕಬೇಕೆಂದು ಹೇಳಿತು. ಇದು ರೋಗಿಯ ಹಕ್ಕು. ಅದರ ತಿದ್ದುಪಡಿಯನ್ನು ವಿರೋಧಿಸಿ 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗ, ಸೆರೆವಾಸದ ವಿಧಿಗೆ ಅವರು ತೆಗೆದ ಆಕ್ಷೇಪದಲ್ಲಿ ನ್ಯಾಯವಿತ್ತು, ರೋಗಿಗಳಿಗೆ ಬಾಗಿಲು ಮುಚ್ಚಿದುದರಲ್ಲಿ ಇರಲಿಲ್ಲ. ದೋಷವಿರುವುದು ಬೇರೊಂದು ಕಡೆ: ಇಪ್ಪತ್ತು ಹಾಸಿಗೆಯವರೂ ಇನ್ನೂರು ಹಾಸಿಗೆಯವರೂ ಬಹುಪಾಲು ಅದೇ ಕಡತಗಳನ್ನೇ ತುಂಬಬೇಕು. ದೊಡ್ಡವರಿಗೆ ಅದಕ್ಕೊಬ್ಬ ಗುಮಾಸ್ತನಿದ್ದಾನೆ. ಇಲ್ಲಿ ವೈದ್ಯನೇ ಗುಮಾಸ್ತ.

ಸರ್ಕಾರದ ವಿಮಾ ಯೋಜನೆಗಳ ಕಥೆಯೂ ಹೀಗೆಯೇ. ಸಹಕಾರಿ ಸಂಘಗಳ ರೈತರಿಗಾಗಿ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ವರ್ಷಕ್ಕೆ ತಲೆಗೆ 60 ರೂಪಾಯಿಯಂತೆ ಶಸ್ತ್ರಚಿಕಿತ್ಸೆಯನ್ನು ಬಡವರ ಕೈಗೆ ತಂದಿತು; ಇಂತಹ ಕಲ್ಪನೆ ನಮ್ಮ ನಾಡಿನಲ್ಲಿ ಹುಟ್ಟಿತೆಂಬುದು ಹೆಮ್ಮೆಯ ಸಂಗತಿ. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, ಅನಂತರ ಅದು ಮತ್ತೆ ಜೀವ ತಳೆಯಿತು. ಆದರೆ ಯೋಜನೆಯ ಹಣ ಬರುವುದು ಚಿಕಿತ್ಸೆಯ ನಂತರ, ಕಾಗದಗಳ ಪರಿಶೀಲನೆಯ ನಂತರ. ಕಾಯುವ ಶಕ್ತಿ ನಗರದ ದೊಡ್ಡ ಆಸ್ಪತ್ರೆಗಿದೆ; ತಿಂಗಳ ಮೊದಲ ದಿನ ದಾದಿಯರಿಗೆ ಸಂಬಳ ಕೊಡಬೇಕಾದ ಸಣ್ಣ ಆಸ್ಪತ್ರೆಗಿಲ್ಲ.

ಹಾಗಾದರೆ ಮಠಗಳೂ ಸಂಘಸಂಸ್ಥೆಗಳೂ ನಡೆಸುವ ಆಸ್ಪತ್ರೆಗಳು ನಿಂತಿಲ್ಲವೇ ಎಂದು ಕೇಳಬಹುದು. ನಿಂತಿವೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ 1963ರಲ್ಲಿ, ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆ 1965ರಲ್ಲಿ, ಮೈಸೂರಿನಲ್ಲಿ ಸುತ್ತೂರು ಮಠದ ಜೆ.ಎಸ್.ಎಸ್. 1984ರಲ್ಲಿ ವೈದ್ಯಕೀಯ ಕಾಲೇಜುಗಳನ್ನು ತೆರೆದವು. ಘಾಟಿಯ ಕೆಳಗಣ ಮಣಿಪಾಲ ಅದಕ್ಕೂ ಮುಂಚೆ, 1953ರಲ್ಲಿ. ಗಮನಿಸಬೇಕಾದ ಅಂಶವೆಂದರೆ, ಇಲ್ಲೆಲ್ಲ ಆಸ್ಪತ್ರೆಯ ಬೆನ್ನಿಗೆ ಕಾಲೇಜು ಇದೆ. ಕಲಿಯುವ ಯುವವೈದ್ಯರು ರಾತ್ರಿಪಾಳಿಯನ್ನು ಹೊರುತ್ತಾರೆ, ಕಾಲೇಜಿನ ಶುಲ್ಕ ಖಾಲಿ ಹಾಸಿಗೆಯ ಭಾರವನ್ನು ಹೊರುತ್ತದೆ. ಎರಡು ಲಕ್ಷ ಜನರ ಮಲೆನಾಡಿನಲ್ಲಿ ಆ ಮಾದರಿ ನಡೆಯದು. ಶೃಂಗೇರಿಯ ಶ್ರೀಮಠದ ಶಾರದಾ ಧನ್ವಂತರಿ ಆಸ್ಪತ್ರೆಯಂತಹ ಧರ್ಮಾರ್ಥ ಸಂಸ್ಥೆ ನಮಗೆ ಹತ್ತಿರದ ದೃಷ್ಟಾಂತ. ಅದಕ್ಕೆ ಆಧಾರ ಲಾಭವಲ್ಲ, ಪೀಠದ ಆಶ್ರಯ.

ದಾಸೋಹವೆಂದರೆ ಅನ್ನವೊಂದೇ ಅಲ್ಲವೆಂದು ಈ ಪುಟಗಳ ಓದುಗರಿಗೆ ಹೇಳಬೇಕಾದುದಿಲ್ಲ. ಶರಣರಲ್ಲಿ ವೈದ್ಯ ಸಂಗಣ್ಣನು ಚಿಕಿತ್ಸೆಯನ್ನೇ ಕಾಯಕವಾಗಿ ಮಾಡಿಕೊಂಡವನು. ಕಾಯಕ ಮಾಡುವವನಿಗೂ ಹೊಟ್ಟೆಯಿದೆ, ಮಕ್ಕಳ ಓದಿದೆ. ಆದುದರಿಂದ ದಾನಿಗಳಲ್ಲಿ ನನ್ನ ವಿನಂತಿ ಇದು: ಹೊಸ ವಾರ್ಡಿನ ಬದಲು ದತ್ತಿಯನ್ನು ಇಡಿ. ಅಸಲು ಮುಟ್ಟದೆ, ಬಡ್ಡಿಯಿಂದ ವರ್ಷದ ಇಷ್ಟು ರಾತ್ರಿಗಳ ಪಾಳಿಯ ವೇತನ ಎಂದು ಗೊತ್ತುಮಾಡಿ. ಕೊಪ್ಪ ನಡುವಿನಲ್ಲಿದೆ, ಅಲ್ಲಿಂದ ಶೃಂಗೇರಿಗಾಗಲಿ ನರಸಿಂಹರಾಜಪುರಕ್ಕಾಗಲಿ ಸುಮಾರು ಒಂದು ಗಂಟೆಯ ದಾರಿ. ಮೂರು ಊರುಗಳ ಆಸ್ಪತ್ರೆಗಳು, ಸರ್ಕಾರಿ ಖಾಸಗಿ ಎಂಬ ಭೇದವಿಲ್ಲದೆ, ಒಬ್ಬಿಬ್ಬರು ಅರಿವಳಿಕೆತಜ್ಞರನ್ನು ಕೂಡಿ ಇಟ್ಟುಕೊಳ್ಳಬಹುದು. ಒಂದು ಊರು ತನ್ನೊಬ್ಬಳಿಂದಲೇ ಹೊರಲಾರದ ವೇತನವನ್ನು ಮೂರು ಊರುಗಳು ಹೊರಬಲ್ಲವು.

ಉಳ್ಳವರಲ್ಲಿ ಇನ್ನೊಂದು ಮಾತು. ಧರ್ಮಾಸ್ಪತ್ರೆಯಲ್ಲಿ ರಿಯಾಯಿತಿ ಕೇಳಲು ಶಿಫಾರಸು ತರುವವರು ಎಷ್ಟೋ ವೇಳೆ ಕೂಲಿಕಾರರಲ್ಲ, ಫಸಲು ಬಂದ ತೋಟದ ಯಜಮಾನರು. ಕೊಡಬಲ್ಲವರು ಪೂರ್ತಿ ಕೊಟ್ಟರೆ ಮಾತ್ರ ಕೊಡಲಾರದವರಿಗೆ ಬಿಟ್ಟುಕೊಡುವ ಅವಕಾಶ ಆಸ್ಪತ್ರೆಗೆ ಉಳಿಯುತ್ತದೆ.

ವೈದ್ಯರಾಗಿ ಬೆಂಗಳೂರಿನಲ್ಲೂ ಹೊರನಾಡುಗಳಲ್ಲೂ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಊರಿಗೆ ಮರಳಿ ಬರಬೇಕೆಂದು ನಾನು ಕೇಳುವುದಿಲ್ಲ. ಆ ಉಪದೇಶ ಬಹಳ ವರ್ಷಗಳಿಂದ ವ್ಯರ್ಥವಾಗಿದೆ. ಸಮೀಪದಲ್ಲಿರುವವರು ತಿಂಗಳಿಗೊಂದು ಶನಿವಾರ ಭಾನುವಾರ ಸರದಿಯಂತೆ ಬಂದರೆ ಇಲ್ಲಿ ವರ್ಷವಿಡೀ ಒಂಟಿಯಾಗಿ ದುಡಿಯುವ ವೈದ್ಯನಿಗೆ ನಿದ್ರೆಯಾದರೂ ದೊರೆತೀತು. ಹಳೆಯ ವಿದ್ಯಾರ್ಥಿಗಳ ಸಂಘದ ಮುಂದಿನ ಸಭೆಯಲ್ಲಿ ಯಾರು ಯಾವ ವಾರ ಬರಬಲ್ಲರೆಂಬ ಪಟ್ಟಿಯೊಂದನ್ನು ಬರೆದಿಡಬಹುದು. ಅದು ಮಳೆಗಾಲಕ್ಕೆ ಮುಂಚೆ ಆದರೆ ಒಳಿತು.