ಕೆರೆಗೆ ಬೋಟ್ ಇಳಿಸುವ ಮುಂಚೆ ನೀರುಗಂಟಿಯನ್ನು ಕೇಳಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಾವು ಮೂವರು ಹೊಸಕೋಟೆ ದಾಟಿ ಒಂದು ಊರಿಗೆ ಹೋಗಿದ್ದೆವು. ಕೆರೆ ಹೂಳಿನ ಬಗ್ಗೆ ಬರೆಯೋಣ ಅಂತ ಹೋದವರು ನಾವು. ಏರಿ ಮೇಲೆ ನಿಂತಿದ್ದಾಗ ವೈಟ್‌ಫೀಲ್ಡ್ ಕಡೆಯಿಂದ ಒಂದು ದೊಡ್ಡ ಕಾರು ಬಂತು. ಹಿಂದೆ ಟ್ರೇಲರ್, ಟ್ರೇಲರ್ ಮೇಲೆ ಹನ್ನೆರಡು ಅಡಿಯ ಫೈಬರ್ ಬೋಟು, ಬೋಟಿನ ಹಿಂಬದಿಗೆ ಸಣ್ಣ ಮೋಟಾರು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬರು ಅಜ್ಜಿ. ಡಬ್ಬಿಯಲ್ಲಿ ಪುಳಿಯೋಗರೆ, ಚಾಪೆ, ಕೊಡೆ. ಒಂದು ದಿನ ಮನೆಮಂದಿಯೆಲ್ಲ ನೀರಿನ ಮೇಲೆ ಕಳೆಯೋಣ ಅಂತ ಬಂದಿದ್ದರು. ನೋಡಿ ನಮಗೂ ಖುಷಿಯೇ ಆಯಿತು. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವವರಿಗೆ ಕೆರೆ ಗಾಳಿ ಬೇಡವೇ?

ಅಲ್ಲಿ ಹುಣಸೆಮರದ ಕೆಳಗೆ ಕೂತಿದ್ದ ನೀರುಗಂಟಿ ತಾತನನ್ನು ಅವರು ಮಾತಾಡಿಸಲಿಲ್ಲ. ಕಾರನ್ನು ಹಿಂದಕ್ಕೆ ತಿರುಗಿಸಿ ನೇರ ನೀರಿನ ಕಡೆ ಬಿಟ್ಟರು. ತಾತನೇ ಎದ್ದು ಹೋಗಿ, "ಅಲ್ಲಿ ಬ್ಯಾಡ ಸ್ವಾಮಿ, ಅದು ಹೂಳು, ಚಕ್ರ ಕೂತ್ಕೊಂಡ್ಬಿಡ್ತದೆ" ಅಂದ. "ಏನಾಗಲ್ಲ ಅಂಕಲ್, ಇದು ಫೋರ್ ವೀಲ್ ಡ್ರೈವ್" ಅಂದರು. ಕಾರು ಹೂತುಕೊಂಡಿತು. ಆದರೆ ಬೋಟು ಹೇಗೋ ನೀರಿಗೆ ಇಳಿಯಿತು. ಕಾರು ಆಮೇಲೆ ನೋಡೋಣ ಅಂತ ಎಲ್ಲರೂ ಹತ್ತಿದರು.

ಬೋಟಿನ ತಳದಲ್ಲಿ, ಹಿಂಬದಿಯಲ್ಲಿ, ಒಂದು ಸಣ್ಣ ತೂತು ಇರುತ್ತದೆ. ದಡಕ್ಕೆ ತಂದ ಮೇಲೆ ಒಳಗಿನ ನೀರು ಹರಿದು ಹೋಗಲಿ ಅಂತ ಇಟ್ಟಿರುವುದು. ನೀರಿಗೆ ಇಳಿಸುವ ಮುಂಚೆ ಅದಕ್ಕೆ ಬಿರಡೆ ಹಾಕಬೇಕು. ಅವತ್ತು ಹಾಕಿರಲಿಲ್ಲ. ನೂರು ಅಡಿ ಹೋಗುವುದರೊಳಗೆ ಅಜ್ಜಿಯ ಕಾಲು ನೆನೆಯಿತು. ಮಕ್ಕಳು ಹೆದರಿ ಎದ್ದು ನಿಂತರು. ಎಲ್ಲರೂ ಒಂದೇ ಪಕ್ಕಕ್ಕೆ ಬಂದರು, ಬೋಟು ವಾಲಿತು. ಲೈಫ್ ಜಾಕೆಟ್ ಇದ್ದದ್ದು ಎರಡು, ಅವೂ ದೊಡ್ಡವರ ಅಳತೆಯವು, ಸೀಟಿನ ಕೆಳಗೆ ಮಡಚಿ ಇಟ್ಟಿದ್ದವು.

ಊರಿನ ಇಬ್ಬರು ಹುಡುಗರು ಮೀನು ಹಿಡಿಯುವ ತೆಪ್ಪ ತಗೊಂಡು ಹೋದರು. ಮೊದಲು ಮಕ್ಕಳು, ಆಮೇಲೆ ಅಜ್ಜಿ. ಯಾರಿಗೂ ಏನೂ ಆಗಲಿಲ್ಲ. ಕಾರನ್ನು ಟ್ರ್ಯಾಕ್ಟರ್ ಕಟ್ಟಿ ಎಳೆದರು. ಆ ಹುಡುಗರ ಮೈಮೇಲೂ ಜಾಕೆಟ್ ಇರಲಿಲ್ಲ ಅನ್ನುವುದು ನಮಗೆ ಹೊಳೆದದ್ದು ವಾಪಸ್ ಬರುವಾಗ ಬಸ್ಸಿನಲ್ಲಿ. ಅವತ್ತು ಕೆರೆ ಏರಿ ಮೇಲೆ ಐದು ಮಂದಿಯ ಬಗ್ಗೆ ಎಲ್ಲರೂ ಯೋಚಿಸಿದರು. ನೀರಿನಲ್ಲಿ ಇದ್ದದ್ದು ಏಳು ಜೀವ.

ಇದನ್ನು ಬರೆಯುತ್ತಿರುವುದು ಪೇಟೆಯವರನ್ನು ಬೈಯುವುದಕ್ಕಲ್ಲ. ಬೈದು ಸುಮ್ಮನಾದರೆ ಮುಂದಿನ ಭಾನುವಾರ ಇನ್ನೊಂದು ಬೋಟು ಬರುತ್ತದೆ.

ಯಾಕೆ ಬರುತ್ತಾರೆ ಅಂತ ಮೊದಲು ನೋಡಬೇಕು. ವೈಟ್‌ಫೀಲ್ಡ್ ಪಕ್ಕದಲ್ಲೇ ವರ್ತೂರು ಕೆರೆ ಇದೆ. 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿದ್ದನ್ನು ಟೀವಿಯಲ್ಲಿ ನೀವೂ ನೋಡಿದ್ದೀರಿ. ಬೆಳ್ಳಂದೂರು ಕೆರೆಗೆ 2017ರ ಫೆಬ್ರುವರಿಯಲ್ಲಿ ಬೆಂಕಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿತ್ತು, ಆರಿಸಲು ಸೈನಿಕರು ಬರಬೇಕಾಯಿತು. ಬೆಂಕಿ ಬೀಳುವ ಕೆರೆಯಲ್ಲಿ ಯಾರು ಮಕ್ಕಳನ್ನು ಕೂರಿಸಿಕೊಂಡು ಬೋಟು ಬಿಡುತ್ತಾರೆ? ಪೀಣ್ಯದವರಿಗೆ ಹತ್ತಿರ ಇರುವುದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ. ಎರಡೂ ಬೆಂಗಳೂರಿಗೆ ಕುಡಿಯುವ ನೀರು ಕೊಡಲು ಕಟ್ಟಿದವು, ಹೆಸರಘಟ್ಟದ ನೀರಂತೂ 1894ರಲ್ಲೇ ಊರಿಗೆ ಹರಿದಿತ್ತು. ಅಂಥ ನೀರಿನಲ್ಲಿ ಪೆಟ್ರೋಲ್ ಮೋಟಾರು ಓಡಿಸುವುದು ಸರಿಯಲ್ಲ. ಇನ್ನೂ ಮುಂದೆ ಹೋದರೆ ಮಾಗಡಿ ಕಡೆಯ ಮಂಚನಬೆಲೆ. ಅಲ್ಲಿ ಈಜಲು ಹೋಗಿ ಸತ್ತವರ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಪೇಟೆ ತನ್ನ ಕೆರೆಗಳನ್ನು ಕೆಡಿಸಿಕೊಂಡಿದೆ, ಅದಕ್ಕೇ ಪೇಟೆಯವರು ನಮ್ಮ ಕೆರೆ ಹುಡುಕಿಕೊಂಡು ಬರುತ್ತಿದ್ದಾರೆ.

ಕೋಲಾರದ ಕಡೆಯವರಿಗೆ ಇನ್ನೊಂದು ಮಾತು. ನಿಮ್ಮ ಎಷ್ಟೋ ಕೆರೆಗಳಲ್ಲಿ ಈಗ ಇರುವುದು ಕೆ.ಸಿ. ವ್ಯಾಲಿ ಯೋಜನೆಯ ನೀರು, 2018ರಿಂದ ಬರುತ್ತಿರುವ, ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಟ್ಟ ನೀರು. ಅದು ಅಂತರ್ಜಲ ತುಂಬಲು ಬಿಟ್ಟದ್ದು. ತುಂಬಿ ಹೊಳೆಯುತ್ತದೆ ಅಂತ ಮಕ್ಕಳನ್ನು ಅದರಲ್ಲಿ ಆಟಕ್ಕೆ ಬಿಡಬೇಡಿ, ನಿಮ್ಮವರನ್ನೂ, ಬಂದವರನ್ನೂ.

ಬೋಟು ಅಂದರೆ ಬರೀ ಮೋಜಲ್ಲ ಅಂತ ನಮ್ಮ ರಾಜ್ಯಕ್ಕೆ, ಪಕ್ಕದವರಿಗೆ ಚೆನ್ನಾಗಿ ಗೊತ್ತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ಬೋಟು ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಹರಣಿಯದು ಸಮುದ್ರವೂ ಅಲ್ಲ, ಹೊಳೆಯೂ ಅಲ್ಲ, ಊರೊಳಗಿನ ಕೆರೆ. ಈ ಸುದ್ದಿಗಳನ್ನು ಓದಿದಾಗಲೆಲ್ಲ ಎರಡೇ ಕಾರಣ ಕಾಣುತ್ತದೆ: ಜನ ಹೆಚ್ಚು, ಜಾಕೆಟ್ ಕಮ್ಮಿ.

ಹಾಗಾದರೆ ಬೋಟು ಬೇಡವೇ ಬೇಡ ಅಂತ ಬೋರ್ಡು ಹಾಕಿಬಿಡೋಣವೇ? ನಮ್ಮಲ್ಲೇ ಕೆಲವರು ಹಾಗೆ ಅಂದರು. ನಾವು ಒಪ್ಪುವುದಿಲ್ಲ. ಬೋರ್ಡು ಇದ್ದ ಜಾಗದಲ್ಲೇ ಜನ ಮುಳುಗುವುದನ್ನು ಕಂಡಿದ್ದೇವೆ. ನೋಡಿಕೊಳ್ಳುವವರಿಲ್ಲದ ಬೋರ್ಡು ತುಕ್ಕು ಹಿಡಿಯುತ್ತದೆ, ಅಷ್ಟೇ. ಬರುವವರು ಬರಲಿ, ಆದರೆ ಊರಿನ ಕಟ್ಟಳೆಯ ಮೇಲೆ ಬರಲಿ.

ಕೆರೆಗೆ ಯಜಮಾನರು ಇದ್ದಾರೆ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ, ಚಿಕ್ಕದಾದರೆ ಪಂಚಾಯತ್ ವ್ಯವಸ್ಥೆ. ಮೀನು ಗುತ್ತಿಗೆ ಹಿಡಿದವರು ಬೇರೆ, ಅವರು ಬಿಟ್ಟ ಬಲೆಗೆ ಮೋಟಾರಿನ ಫ್ಯಾನು ಸಿಕ್ಕಿದರೆ ಬಲೆಯೂ ಹೋಯಿತು, ಮೋಟಾರೂ ಹೋಯಿತು. ಮೋಟಾರು ದೋಣಿಗಳ ನೋಂದಣಿ, ತಪಾಸಣೆಗೆ 1917ರ ಹಳೇ ಕಾನೂನಿನ ಜಾಗದಲ್ಲಿ 2021ರ ಒಳನಾಡು ಹಡಗು ಕಾಯ್ದೆ ಬಂದಿದೆ. ಆದರೆ ದೆಹಲಿಯ ಕಾಯ್ದೆ ಭಾನುವಾರ ಬೆಳಿಗ್ಗೆ ನಮ್ಮ ಏರಿ ಮೇಲೆ ನಿಂತಿರುವುದಿಲ್ಲ. ನಿಂತಿರುವುದು ನೀರುಗಂಟಿ. ತೂಬು ಯಾವಾಗ ಎತ್ತಿದೆ, ಕೋಡಿ ಎಲ್ಲಿ ಜೋರಾಗಿದೆ, ಜೇಸಿಬಿಯವರು ಮಣ್ಣು ತೆಗೆದ ಗುಂಡಿ ಎಲ್ಲಿದೆ, ಜೊಂಡು ಎಲ್ಲಿ ದಟ್ಟ, ಎಲ್ಲ ಅವನಿಗೆ ಗೊತ್ತು. ಮಂಡಿಯುದ್ದ ನೀರು ಅಂತ ಹೆಜ್ಜೆ ಇಟ್ಟರೆ ಮುಂದಿನ ಹೆಜ್ಜೆಗೆ ಹದಿನೈದು ಅಡಿ ಗುಂಡಿ ಇರಬಹುದು. ಅದು ಯಾವ ಮೊಬೈಲ್ ಮ್ಯಾಪಿನಲ್ಲೂ ಕಾಣುವುದಿಲ್ಲ.

ನಾವು ಹೇಳುವುದು ಇಷ್ಟು. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ.

ಬೋಟು ಇಳಿಸಲು ಒಂದೇ ಜಾಗ ಗುರುತು ಮಾಡಿ. ಏರಿಯ ಕಲ್ಲುಕಟ್ಟಣೆ ಮೇಲೆ ಬೇಡ, ತೂಬು ಕೋಡಿಗಳ ಹತ್ತಿರ ಬೇಡ, ಗಟ್ಟಿ ನೆಲದ ಕಡೆ ಇರಲಿ. ಶುಲ್ಕ ಇರಲಿ, ರಸೀದಿ ಇರಲಿ, ಆ ಹಣದಲ್ಲಿ ನೀರುಗಂಟಿಗೆ ಭಾನುವಾರದ ಕೂಲಿ ಕೊಡಿ. ಜೊತೆಗೆ ಉದ್ದನೆಯ ಹಗ್ಗ, ಗಾಳಿ ತುಂಬಿದ ಟ್ಯೂಬು, ಮಕ್ಕಳ ಅಳತೆಯ ಜಾಕೆಟ್ಟೂ ಸೇರಿ ಹತ್ತು ಜಾಕೆಟ್ ಕೊಳ್ಳಿ. ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ, ಬಕಲ್ ಹಾಕಿ. ಹಾಕದವರ ಬೋಟು ನೀರಿಗೆ ಇಳಿಯಬಾರದು.

ಬೋಟು ಇಳಿಸುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ, ನಾಚಿಕೆ ಬೇಡ. ಬಿರಡೆ ಹಾಕಿದ್ದೀರಾ? ಇದು ಎಷ್ಟು ಜನರ ಬೋಟು, ಎಷ್ಟು ಜನ ಹತ್ತುತ್ತೀರಿ? ಮೋಟಾರು ನಡೆಸುವವರು ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುವ ಹಾಗೆ ಒಂದು ದಾರ ಇರುತ್ತದಲ್ಲ, ಅದನ್ನು ಕೈಗೆ ಕಟ್ಟಿದ್ದೀರಾ? ಹಿಂದಿನ ಸಲ ಯಾವ ಕೆರೆಗೆ ಇಳಿಸಿದ್ದಿರಿ, ಆಮೇಲೆ ತೊಳೆದಿರಾ? ಈ ಕೊನೆ ಪ್ರಶ್ನೆ ಚಿಕ್ಕದಲ್ಲ. ಟ್ರೇಲರಿಗೆ ಅಂಟಿದ ಅಂತರಗಂಗೆಯ ಒಂದು ತುಂಡು ಸಾಕು, ಒಂದೆರಡು ವರ್ಷದಲ್ಲಿ ನಿಮ್ಮ ಕೆರೆಯೂ ಹಸಿರು ಚಾಪೆ ಆಗಬಹುದು.

ಯಾರಾದರೂ ಮುಳುಗುತ್ತಿದ್ದರೆ ತಕ್ಷಣ ನೀರಿಗೆ ಹಾರಬೇಡಿ. ಕಾಪಾಡಲು ಹೋದವರೂ ಜೊತೆಗೆ ಹೋದ ಸುದ್ದಿ ಎಷ್ಟು ಓದಿಲ್ಲ? ಹಗ್ಗ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಿರಿ, ಉದ್ದನೆ ಗಳ ಚಾಚಿ. 112ಕ್ಕೆ ಫೋನ್ ಮಾಡಿ. ಮೇಲೆ ತಂದ ಮೇಲೆ ಹೊಟ್ಟೆ ಅಮುಕುವುದು, ತಲೆ ಮೇಲೆ ಹೊತ್ತು ತಿರುಗಿಸುವುದು ಬೇಡ. ಉಸಿರಾಟ ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಅದನ್ನು ಕಲಿಸಲು ನಿಮ್ಮ ಆರೋಗ್ಯ ಕೇಂದ್ರದವರನ್ನು ಒಂದು ದಿನ ಊರಿಗೆ ಕರೆಸಿ.

ಇನ್ನು ನಮ್ಮ ಮನೆಯ ಮಾತು. ಪೇಟೆಯವರಿಗೆ ಜಾಕೆಟ್ ಹಾಕು ಅನ್ನುವ ನಾವು ತೆಪ್ಪ ಹತ್ತುವಾಗ ಏನು ಹಾಕುತ್ತೇವೆ? ಗಣೇಶನ ಬಿಡುವಾಗ ಹುಡುಗರ ಸೊಂಟಕ್ಕೆ ಒಂದು ಹಗ್ಗವಾದರೂ ಕಟ್ಟುತ್ತೇವೆಯೇ? ಕಟ್ಟಳೆ ಮಾಡಿದರೆ ಅದು ಇಬ್ಬರಿಗೂ ಒಂದೇ ಇರಲಿ. ಈಜು ಬರುತ್ತೆ ಅನ್ನುವ ಧೈರ್ಯದಲ್ಲೇ ಹೋದವರು ನಮ್ಮ ಊರುಗಳಲ್ಲಿ ಕಮ್ಮಿಯಿಲ್ಲ.

2022ರ ಸೆಪ್ಟೆಂಬರ್ ನೆನಪಿದೆಯಲ್ಲ? ಯಮಲೂರು, ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಬಡಾವಣೆಗಳೆಲ್ಲ ನೀರಾಗಿದ್ದವು. ಕೋಟಿ ಬೆಲೆಯ ಮನೆಗಳಿಂದ ಜನರನ್ನು ರಬ್ಬರ್ ಬೋಟಿನಲ್ಲಿ ಹೊರಗೆ ತಂದರು. ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಅವತ್ತು ಅವರಿಗೆ ಆಸರೆಯಾದದ್ದು ಹಳ್ಳಿಯ ಟ್ರ್ಯಾಕ್ಟರು. ನಾವು ನೋಡಿದ ಆ ಭಾನುವಾರವೂ ಕಾರು ಎಳೆದದ್ದು ಟ್ರ್ಯಾಕ್ಟರೇ, ಮಕ್ಕಳನ್ನು ತಂದದ್ದು ತೆಪ್ಪವೇ.

ಹೊರಡುವಾಗ ಆ ಅಜ್ಜಿ ನೀರುಗಂಟಿ ತಾತನ ಹತ್ತಿರ ಹೋಗಿ ಪುಳಿಯೋಗರೆ ಡಬ್ಬಿ ಕೊಟ್ಟರು. "ಮುಂದಿನ ಸಲ ನಿಮ್ಮನ್ನು ಕೇಳಿಯೇ ಇಳಿತೀವಪ್ಪ" ಅಂದರು. ತಾತ ನಕ್ಕ, "ಕೇಳಿದ್ರೆ ಜಾಗ ನಾನೇ ತೋರಿಸ್ತಿದ್ನಲ್ಲಮ್ಮ" ಅಂದ. ಅವನು ಮುಂದಿನ ಭಾನುವಾರವೂ ಅಲ್ಲೇ ಕೂತಿರುತ್ತಾನೆ. ಅವನ ಕೈಗೆ ಒಂದು ಹಗ್ಗ, ಹತ್ತು ಜಾಕೆಟ್, ಒಂದು ರಸೀದಿ ಪುಸ್ತಕ ಕೊಡುವುದು ಪಂಚಾಯ್ತಿಗೆ ಅಷ್ಟು ಕಷ್ಟವೇ?