ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ

ಪರೀಕ್ಷೆ ಹತ್ತಿರ ಬಂದಿತೆಂದರೆ ನಮ್ಮ ಮನೆಗಳಲ್ಲಿ ರಸಾಯನಶಾಸ್ತ್ರದ ಸಮೀಕರಣಗಳ ಕಾಟ ಮೊದಲಾಗುತ್ತದೆ. ಮಕ್ಕಳು ಓದುವುದು ಇಂಗ್ಲಿಷಿನಲ್ಲಿ. ಹೇಳಿಕೊಡೋಣವೆಂದರೆ ಕನ್ನಡದ ಮಾತು ನಮಗೇ ಒದಗಿಬಾರದು. ಈ ಸಲ ಅದನ್ನು ಅಡಿಗೆಮನೆಯ ಒಲೆಯ ಮುಂದೆಯೇ ಬಿಡಿಸಿ ನೋಡೋಣ.

ಮುಂಬಯಿಯ ಎಷ್ಟೋ ಮನೆಗಳಿಗೆ ಕೊಳವೆಯಲ್ಲಿ ಬರುವ ಗ್ಯಾಸಿನ ಬಹುಭಾಗ ಮೀಥೇನ್. ಅದು ಉರಿದಾಗ ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಆಗುತ್ತದೆ. ಇಂಗಾಲಕ್ಕೆ ಸಿ, ಜಲಜನಕಕ್ಕೆ ಎಚ್, ಆಮ್ಲಜನಕಕ್ಕೆ ಓ ಎಂದಿಟ್ಟು ಮೊದಲು ಹೀಗೆ ಬರೆಯೋಣ:

ಸಿಎಚ್₄ + ಓ₂ → ಸಿಓ₂ + ಎಚ್₂ಓ

ಪರಮಾಣುಗಳನ್ನು ಎಣಿಸಿರಿ. ಎಡಗಡೆ ಜಲಜನಕ 4, ಬಲಗಡೆ 2. ಉಳಿದೆರಡು ಎಲ್ಲಿ ಹೋದುವು? ಎಲ್ಲಿಯೂ ಹೋಗಲಾರವು. ಇಂಥ ಕ್ರಿಯೆಯಲ್ಲಿ ದ್ರವ್ಯ ಹೊಸದಾಗಿ ಹುಟ್ಟುವುದಿಲ್ಲ, ಇದ್ದುದು ಅಳಿಯುವುದೂ ಇಲ್ಲವೆಂದು ಫ್ರಾನ್ಸಿನ ಲವಾಸಿಯೆ 1789ರ ತನ್ನ ಗ್ರಂಥದಲ್ಲಿ ಸಾರಿದನು. ಆದುದರಿಂದ ನೀರಿನ ಅಣುಗಳು 2 ಆಗಬೇಕು. ಆಗ ಬಲಗಡೆ ಆಮ್ಲಜನಕ 4 ಆಯಿತು. ಎಡಗಡೆಯೂ ಅದರ ಜೋಡಿಗಳು 2 ಬೇಕು:

ಸಿಎಚ್₄ + 2ಓ₂ → ಸಿಓ₂ + 2ಎಚ್₂ಓ

ಮಕ್ಕಳು ಎಡವುವುದು ಎಲ್ಲಿ ಗೊತ್ತೆ? ಲೆಕ್ಕ ಕೂಡಿಬರಲೆಂದು ಅಡಿಯ ಸಣ್ಣ ಅಂಕಿಯನ್ನೇ ತಿದ್ದಿಬಿಡುತ್ತಾರೆ. ಎಚ್₂ಓ ಎಂಬುದನ್ನು ಎಚ್₂ಓ₂ ಮಾಡಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್! ಅಡಿಯ ಅಂಕಿ ಪದಾರ್ಥ ಯಾವುದೆಂದು ಹೇಳುತ್ತದೆ. ಮುಂದಿನ ಅಂಕಿ ಎಷ್ಟೆಂದು ಹೇಳುತ್ತದೆ. ನಾವು ಬದಲಿಸಬಹುದಾದದ್ದು ಎಷ್ಟೆಂಬುದನ್ನು ಮಾತ್ರ.

ಇದು ಬರಿಯ ಅಂಕಗಳಿಗಾಗಿ ಕಲಿಯುವ ವಿದ್ಯೆಯಲ್ಲ. ಒಂದು ಪಾಲು ಮೀಥೇನಿಗೆ ಎರಡು ಪಾಲು ಆಮ್ಲಜನಕ ಬೇಕೆಂದು ಆ 2 ಹೇಳುತ್ತದೆ. ಗಾಳಿಯಲ್ಲಿ ಆಮ್ಲಜನಕವಿರುವುದು ಸುಮಾರು ಐದರಲ್ಲೊಂದು ಪಾಲು. ಎಂದರೆ ಹತ್ತು ಪಾಲು ಗಾಳಿ ಬೇಕಾಯಿತು. ಸಿಲಿಂಡರಿನ ಗ್ಯಾಸಿಗೆ ಇನ್ನೂ ಹೆಚ್ಚು. ಅಷ್ಟು ಗಾಳಿ ದೊರೆಯದಿದ್ದರೆ ಹೀಗಾಗಬಹುದು:

2ಸಿಎಚ್₄ + 3ಓ₂ → 2ಸಿಓ + 4ಎಚ್₂ಓ

ಈ ಲೆಕ್ಕವೂ ಸರಿಯಾಗಿಯೇ ಇದೆ. ಆದರೆ ಸಿಓ ಎಂದರೆ ಕಾರ್ಬನ್ ಮಾನಾಕ್ಸೈಡ್: ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತವು ಆಮ್ಲಜನಕವನ್ನು ಹೊರದಂತೆ ಮಾಡಿ ಪ್ರಾಣ ತೆಗೆಯುವ ವಿಷ. ಚಿಕ್ಕ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಹಚ್ಚಿ, ಚಳಿಯೆಂದು ಕಿಟಕಿ ಮುಚ್ಚಿದವರು ಸ್ನಾನಕ್ಕೆ ಹೋಗಿ ಹೊರಬಾರದೆ ಉಳಿದದ್ದುಂಟು. ಗೀಸರ್ ಬಚ್ಚಲಿನ ಹೊರಗಿರಲಿ, ಗಾಳಿಗೆ ದಾರಿಯಿರಲಿ. ಒಲೆಯ ನೀಲಿ ಉರಿ ಹಳದಿಗೆ ತಿರುಗಿದರೆ ಬರ್ನರನ್ನು ಪರೀಕ್ಷೆ ಮಾಡಿಸಿರಿ.

ಪಾಠ ಮುಗಿಸಿದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಚ್ಚಲಿನ ಕಿಟಕಿಯನ್ನೊಮ್ಮೆ ನೋಡಿ ಬನ್ನಿರಿ. ಸಮೀಕರಣದ ಆ 2 ಒಳಗೆ ಬರುವುದು ಅಲ್ಲಿಂದಲೇ.